ಮಾತು ಮುಗಿಯುವ ತನಕ

ಗೋಪುರದ ತುದಿಯಲ್ಲಿ ವಿರಾಜಮಾನರಾಗಿರುವ ರಾಕ್ಷಸರಾಜರಿಗೆ,

ನೀವು ಕ್ಷೇಮವೇ ಎಂದು ಕೇಳುವುದಿಲ್ಲ. ಕೆಳಗಿನ ಮಹಡಿಗಳಲ್ಲಿ ನಾವು ಒಬ್ಬೊಬ್ಬರಾಗಿ ಸಾಯುವಾಗ ಮೇಲೆ ಕೂತು ಗಹಗಹಿಸಿ ನಗುವವರಿಗೆ ಏನಾಗುತ್ತದೆ?

ಬಲ ಕಡಿಮೆ ಇದ್ದವನನ್ನೇ ಮೊದಲು ಕಾದಾಟಕ್ಕೆ ನೂಕುವುದು ನಿಮ್ಮ ಪದ್ಧತಿ. ಹಾಗಾಗಿ ಕೆಳಬಾಗಿಲಿಗೆ ನನ್ನ ತಮ್ಮನನ್ನು ನಿಲ್ಲಿಸಿದಿರಿ. ಲೋಕ ಉಳಿಸಲು ಹೊರಟಿರುವ ಆ ಕತ್ತಿವೀರನೋ, ಹೊಡೆಯುವ ಮೊದಲು ಹೊಡೆತದ ಹೆಸರನ್ನು ಗಂಟಲು ಹರಿಯುವಂತೆ ಕೂಗುತ್ತಾನೆ. ಎದುರಾಳಿಯ ಮಾತು ಮುಗಿಯುವ ತನಕ ಕೈ ಎತ್ತಬಾರದು, ಅದೇ ನಮ್ಮ ಘನತೆ ಎಂಬುದು ನಿಮ್ಮ ಅಪ್ಪಣೆ. ನನ್ನ ತಮ್ಮ ಗದೆ ಹಿಡಿದು ಕೇಳುತ್ತಾ ನಿಂತ; ಕೂಗು ಮುಗಿದ ಕ್ಷಣವೇ ಕತ್ತಿ ಅವನ ಮೇಲೆ ಬಿತ್ತು. ನೀವು ಹಾಕಿದ ಗೆರೆ ದಾಟಿದವನಲ್ಲ, ಪೆದ್ದ.

ಅವನು ಸತ್ತ ಸುದ್ದಿ ತಿಳಿದು ನೀವು, "ಹೋಗ್ಲಿ ಬಿಡಿ, ಅವನೇನು ಲೆಕ್ಕಕ್ಕಿದ್ದವನಾ?" ಅಂದಿರಂತೆ. ಅವನ ಗದೆಯನ್ನು ನಿಮ್ಮ ಕೋಣೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಟ್ಟಿದ್ದೀರಂತೆ. ಸಂತೋಷ.

ಇವತ್ತು ಕತ್ತಿವೀರ ನನ್ನ ಬಾಗಿಲಿಗೆ ಬಂದ. ಬಾಯಿ ತೆರೆಯುವ ಮೊದಲೇ ಹೇಳಿದೆ: "ಕಿರುಚಬೇಡಪ್ಪ, ತಲೆ ನೋಯ್ತಿದೆ. ಕೂತ್ಕೊಂಡು ನೀರು ಕುಡಿ." ಪಾಪ, ಕುಡಿದ. ಈಗ ನಿಮ್ಮ ಕೋಣೆಗೆ ಹತ್ತುವ ಹಿಂದಿನ ಮೆಟ್ಟಿಲಿನ ಬೀಗ ತೆಗೆದುಕೊಟ್ಟು, ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೆ ಸುಮ್ಮನಿರಲು ಒಪ್ಪಿದ್ದಾನೆ. ಇಳಿದು ಬರುವಾಗ ಗದೆಯನ್ನೂ ತರುತ್ತಾನೆ.

ಓದಿದ ಮೇಲೆ ಅವನು ಕೂಗಲು ಶುರುಮಾಡುತ್ತಾನೆ. ಒಂದೇ ಕೋರಿಕೆ: ಅವನ ಮಾತು ಮುಗಿಯುವ ತನಕ ದಯವಿಟ್ಟು ಕೈ ಎತ್ತಬೇಡಿ. ಘನತೆಯ ಪ್ರಶ್ನೆ.

ಇಷ್ಟು ಕಾಲ ನಿಮ್ಮ ಬಾಗಿಲು ಕಾದ,
ಆ ಪೆದ್ದನ ಅಣ್ಣ