ಎದುರು ತಂಡದ ಬಸ್ಸು

ಚಿನಕುರಳಿ,

ನೀನಿನ್ನೂ ಮಲಗಿದ್ದೆ, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಮೊಣಕಾಲಿನ ಪಟ್ಟಿ ಒಣಗಿದೆ, ಕಿಟಕಿ ಹತ್ರ ಇದೆ. ತಿಂಡಿ ತಿನ್ನದೆ ಹೊರಟ್ಯೋ, ಬೈಸ್ಕೋತೀಯ.

ರಾತ್ರಿ ಹೇಳೋಕೆ ಬಾಯಿ ಬರಲಿಲ್ಲ. ಯೂನಿವರ್ಸಿಟಿಗಳ ಕ್ರೀಡಾಕೂಟಕ್ಕೆ ನನ್ನ ಬಸ್ಸನ್ನೂ ಗೊತ್ತು ಮಾಡಿದ್ದಾರೆ. ಇವತ್ತು ವಾಲಿಬಾಲ್ ಫೈನಲ್‌ನಲ್ಲಿ ನಿನ್ನೆದುರು ಆಡೋ ಹುಡುಗಿಯರನ್ನ ಕರ್ಕೊಂಡು ಬರೋ ಡ್ರೈವರ್ ನಾನೇ. "ಅಂಕಲ್, ನೀವು ನಮ್ಮ ಕಡೇನೇ ಕೂತ್ಕೋಬೇಕು" ಅಂತ ನಿನ್ನೆ ಇಳಿಯುವಾಗಲೇ ಮಾತು ತಗೊಂಡಿದ್ದಾರೆ. ಅಲ್ಲೇ ಕೂತಿರ್ತೀನಿ, ಮುಖ ಊದಿಸ್ಕೋಬೇಡ. ನನ್ನ ನೋಡ್ತಾ ಬಾಲ್ ಬಿಟ್ಟೀಯ, ಜೋಕೆ.

ನೀನು ಗೆದ್ದರೂ ನಾನಲ್ಲಿ ಚಪ್ಪಾಳೆ ತಟ್ಟಲ್ಲ, ತಪ್ಪು ತಿಳ್ಕೋಬೇಡ. ಸೋತು ಅಳ್ತಾ ಕೂತ ಮಕ್ಕಳನ್ನ ಅವರೂರು ಮುಟ್ಟಿಸಬೇಕಾದೋನು ನಾನೇ ಅಲ್ವಾ.

ಅವರನ್ನ ಇಳಿಸಿದ ಮೇಲೆ, ಖಾಲಿ ಬಸ್ಸಲ್ಲಿ ಮನೆ ತನಕ ಹಾರ್ನ್ ಹೊಡ್ಕೊಂಡೇ ಬರ್ತೀನಿ.

ಅಪ್ಪ