ಕ್ಷಮಾವಣಿಯಂದು ತಪ್ಪಿದ ಸಾಕ್ಷಿ

ಹಳೇಬೀಡು
೧೬ ನವೆಂಬರ್ ೨೦೨೫

ಪ್ರೀತಿಯ ದಿವ್ಯಾ,

ಹಾಸನದಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರಿಸಲಿಲ್ಲ, ಬೈದುಬಿಡು. ಪುಟ್ಟಿಗೆ ಹಲ್ಲು ಬರುತ್ತಿದೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ; ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಲೇ ಇರುತ್ತೇನೆ.

ಸಾಕ್ಷಿ ಏನಾಯಿತೆಂದು ನೀನು ಕೇಳಿದ್ದೆ. ನಮ್ಮವರ ಹೇಳಿಕೆಯನ್ನು ಮೂರು ದಿನ ಕೂತು ಇಂಗ್ಲಿಷಿಗಿಳಿಸಿದ ವಕೀಲೆ ನೀನು, ನಿನಗೆ ಹೇಳಲೇಬೇಕು. ಇವರು ಸಾಕ್ಷಿ ಹೇಳಲಿಲ್ಲ ಕಣೇ.

ಯುದ್ಧ ನಡೆಯುತ್ತಿದ್ದ ಆ ಹೊರದೇಶದ ನಿರಾಶ್ರಿತರ ಶಿಬಿರದಲ್ಲಿ ನರ್ಸಾಗಿದ್ದಾಗ ಅಲ್ಲಿನ ಸಶಸ್ತ್ರ ಪಡೆಯೊಂದರ ನಾಯಕನ ಕೈಗೆ ಇವರೇ ಒಂದು ವಾರ ಡ್ರೆಸಿಂಗ್ ಮಾಡಿದ್ದರಲ್ಲ. ಎಂಟನೆಯ ದಿನ ಅವನೇ ಲಾರಿ ತಂದು ಇವರ ಡೇರೆಯ ನಲವತ್ತಮೂರು ರೋಗಿಗಳನ್ನು ಹತ್ತಿಸಿಕೊಂಡು ಹೋದ. ಒಬ್ಬರೂ ತಿರುಗಿ ಬರಲಿಲ್ಲ. ತಾನು ಅಲ್ಲಿರಲೇ ಇಲ್ಲವೆಂದು ಅವನ ವಾದ. ಕಂಡವರಲ್ಲಿ ಬದುಕಿ ಉಳಿದವರು ಇವರೊಬ್ಬರೇ. "ಬ್ಯಾಂಡೇಜ್ ಕೈಯಲ್ಲೇ ಬೆರಳು ತೋರಿಸಿ ಎಣಿಸ್ತಿದ್ದ. ನಾನು ಕಟ್ಟಿದ ಗಂಟು ನನಗೆ ಗೊತ್ತಾಗಲ್ವಾ?" ಎನ್ನುತ್ತಿದ್ದರು.

ಯುದ್ಧಾಪರಾಧಗಳ ಅಂತರರಾಷ್ಟ್ರೀಯ ವಿಶೇಷ ನ್ಯಾಯಮಂಡಳಿಯ ಮುಂದೆ ವಿಡಿಯೋದಲ್ಲಿ ಹೇಳಬೇಕಿದ್ದದ್ದು ಸೆಪ್ಟೆಂಬರ್ ಹನ್ನೆರಡಕ್ಕೆ. ಅದಕ್ಕೆ ನಾಲ್ಕು ದಿನ ಮೊದಲು ಕ್ಷಮಾವಣಿ ಬಂತು. ಅವತ್ತು ನಮ್ಮ ಜೈನರು ಕಂಡಕಂಡವರಿಗೆ ಕೈಮುಗಿದು ಕ್ಷಮೆ ಕೇಳುತ್ತಾರೆ, ಎಲ್ಲ ಜೀವಗಳನ್ನೂ ಕ್ಷಮಿಸಿದೆ ಎನ್ನುತ್ತಾರೆ. ಇವರು ಬಸ್ತಿಯಿಂದ ಬಂದು ಕೂತಿದ್ದರು. ಇವರ ಸೋದರಮಾವ ಸುಮತಿಕುಮಾರ ಎಂದಿನಂತೆ ರೇಗಿಸಿದರು: "ಏನ್ಲಾ ವರ್ಧಮಾನ್, ಊರ ಪಂಚಾಯ್ತಿಗೆ ಕರದ್ರೆ ಬರಲ್ಲ, ಲೋಕದ ಪಂಚಾಯ್ತಿಗೆ ಹೊಂಟಿದೀಯಲ್ಲ!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಈಗ ತಾನೆ ಎಲ್ಲಾ ಜೀವಾನೂ ಕ್ಷಮಿಸಿ ಬಂದ್ಯಲ್ಲಪ್ಪ. ನಾಕ್ ದಿನಕ್ಕೆ ಒಬ್ಬನ್ನ ಗಲ್ಲಿಗೆ ಕಳ್ಸೋಕೆ ಬಾಯಿ ತೆರೀತೀಯಾ? ಹಂಗಾದ್ರೆ ಕೈ ಮುಗಿದಿದ್ದು ಯಾರಿಗೆ?"

"ಅಲ್ಲಿ ಗಲ್ಲಿಲ್ಲ ಕಣಮ್ಮ, ಜೈಲು," ಎಂದರು ಇವರು. ಅಷ್ಟೇ. ಮಾರನೆಯ ದಿನ, ಸಾಕ್ಷಿ ಹೇಳಲು ಇಷ್ಟವಿಲ್ಲವೆಂದು ಬರೆದು ಕಳಿಸಿದರು.

ಹೋದ ವಾರ ಉತ್ತರ ಬಂತು. ಆ ಡೇರೆಯ ಆರೋಪವನ್ನು ಸಾಕ್ಷ್ಯ ಸಾಲದೆಂದು ಕೈಬಿಟ್ಟಿದ್ದಾರೆ. ಬೇರೆ ದಾರಿ ಇದೆಯೇ ಎಂದು ನಿನ್ನನ್ನು ಕೇಳುವ ಧೈರ್ಯವೂ ಇಲ್ಲ. ಅರಸೀಕೆರೆಯ ನರ್ಸಿಂಗ್ ಹೋಮಿನಲ್ಲಿ ಇವರು ಡ್ರೆಸಿಂಗ್ ಕೆಲಸ ಬಿಟ್ಟು, ಚೀಟಿ ಬರೆಯುವ ಕಿಟಕಿಗೆ ಹಾಕಿಸಿಕೊಂಡಿದ್ದಾರೆ. ಎರಡು ತಿಂಗಳಿಂದ ಅತ್ತೆಯ ಜೊತೆ ಮಾತಿಲ್ಲ. "ಊಟಕ್ಕೆ ಬಾಪ್ಪ" ಎಂದು ಅವರು ಕರೆದರೆ, ಇವರು ನನ್ನ ಮುಖ ನೋಡಿ "ಬಡಿಸು" ಎನ್ನುತ್ತಾರೆ.

ನಿನ್ನ ಮಕ್ಕಳನ್ನು ಜಿನದೇವ ತಣ್ಣಗಿಟ್ಟಿರಲಿ.

ನಿನ್ನ,
ದರ್ಶಿನಿ

ತಾ.ಕ.: ಆ ಮಾತನ್ನು ಅತ್ತೆಗೆ ಹೇಳಿಕೊಟ್ಟವಳು ನಾನು. ಆ ನಾಯಕನ ಕಡೆಯವರು ಮನೆ ಹುಡುಕಿಕೊಂಡು ಬಂದರೆ ಎಂಬ ಭಯಕ್ಕೆ, ಕ್ಷಮಾವಣಿಯ ಹಿಂದಿನ ದಿನ ಪುಟ್ಟಿಯನ್ನು ಅವಚಿಕೊಂಡು ಅತ್ತೆಯ ಕಾಲು ಹಿಡಿದಿದ್ದೆ. "ನನ್ನ ಮಾತು ಕೇಳಲ್ಲ, ಕ್ಷಮಾವಣಿ ಹೆಸರು ಹೇಳಿ ನೀವೇ ತಡೀರಿ ಅತ್ತೆ" ಎಂದಿದ್ದೆ. ಇದುವರೆಗೆ ಅವರು ನನ್ನ ಹೆಸರೆತ್ತಿಲ್ಲ. ನಿನ್ನೆ ಅತ್ತೆಗೆ, ಇವರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ ಕಣಮ್ಮ. ಈ ಮನೇಲಿ ಒಬ್ಬರ ಹತ್ರನಾದ್ರೂ ಅವನು ಮಾತಾಡ್ಲಿ," ಎಂದರು.