ಕುಡುಕ ತಮ್ಮನ ಬಿನ್ನಹ

ತೇರಗಾಂವ, ಹಳಿಯಾಳ ತಾಲೂಕು
೧೪ ನವೆಂಬರ್ ೨೦೨೪

ಯಕೃದ್ದಾನಶೂರೆ, ಹಳಿಯಾಳ ಮಂಡಲಾಧೀಶ್ವರಿ, ತಮ್ಮನ ಕಿವಿ ಹಿಂಡುವುದರಲ್ಲಿ ಅಪ್ರತಿಮೆಯಾದ ಸೌಭಾಗ್ಯವತಿ ದ್ರಾಕ್ಷಾಯಣಿ ಅಕ್ಕನವರ ಪಾದಕಮಲಗಳಿಗೆ ಪಾಮರ ಕಿರಣಕುಮಾರನ ಸಾಷ್ಟಾಂಗ ನಮಸ್ಕಾರಗಳು.

ಅಕ್ಕಾ, ಹೊಟ್ಟೆ ನೋವು ಇಳಿಯಿತೇ? ಗಂಜಿ ಬಿಟ್ಟು ಅನ್ನಕ್ಕೆ ಬಂದೆಯಾ? ನಿನ್ನ ಲಿವರಿನ ತುಂಡು ಹೊತ್ತ ಅಪ್ಪ ನಿನ್ನಂತೆಯೇ ನರ್ಸುಗಳ ಮೇಲೆ ಹುಕುಂ ನಡೆಸತೊಡಗಿದನೇ? ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದರೆ ನೀನು ನಗುತ್ತೀಯ, ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಲೋಕೇಶಭಾವ ತಾಕೀತು ಮಾಡಿದ್ದಾರೆ. ಅದಕ್ಕೇ ಈ ಪತ್ರ, ನಾಳೆ ನಿನ್ನ ಬಳಿ ಬರುವ ಅವರ ಕೈಯಲ್ಲೇ. ಇಲ್ಲಿ ಎಮ್ಮೆಗಳು ಕ್ಷೇಮ. ಕಬ್ಬು ಕಡಿಯುವವರು ಸೋಮವಾರ ಬರುತ್ತಾರೆ.

ಇನ್ನು ನನ್ನ ಅಪರಾಧ. ಆ ಲಿವರ್ ಕೊಡಬೇಕಾದವನು ನಾನು. ರಕ್ತದ ಗುಂಪು ಹೊಂದಿತ್ತು, ವಯಸ್ಸು ಇಪ್ಪತ್ಮೂರು. ಆದರೆ ತಪಾಸಣೆಯಲ್ಲಿ ಡಾಕ್ಟರು ಕೇಳಿದಾಗ, ಗೋವಾ ಗಡಿ ಹತ್ತಿರದ ರಾಮನಗರದಿಂದ ಗೋವಾದ ಮಾಲು ತರಿಸಿ ಎರಡು ವರ್ಷದಿಂದ ದಿನಾ ಕುಡಿಯುತ್ತೇನೆಂದು ತಲೆ ತಗ್ಗಿಸಿ ಒಪ್ಪಿಕೊಂಡೆ. ಅವರು ನನ್ನ ಹೆಸರು ಹೊಡೆದುಹಾಕಿದರು. ನೀನು ಮುಂದೆ ಬಂದೆ.

ಮತ್ತಿನಲ್ಲಿದ್ದ ನಿನಗೆ ಆಪರೇಷನ್ ದಿನದ ಸುದ್ದಿ ಯಾರೂ ಪೂರ್ತಿ ಹೇಳಿರಲಿಕ್ಕಿಲ್ಲ. ಅಪ್ಪನಿಗೆ ತುಂಡು ತೆಗೆದ ಮೇಲೆ ನಿನ್ನೊಳಗೆ ಉಳಿದ ಭಾಗ ಒಂದು ಕಡೆ ಹರಿದು ರಕ್ತ ಚಿಮ್ಮಿತು. ಲಿವರ್ ತೀರ ಮೆತ್ತಗಂತೆ. ಅವಸರದಲ್ಲಿ ಹೊಲಿದರೆ ದಾರವೇ ಅದನ್ನು ಕೊಯ್ದುಕೊಂಡು ಬರುತ್ತದಂತೆ. ದೊಡ್ಡ ಡಾಕ್ಟರು ಬಟ್ಟೆ ಇಟ್ಟು ಎರಡು ಅಂಗೈ ನಡುವೆ ಒತ್ತಿ ಹಿಡಿದರು. ರಕ್ತ ತರುವ ನಾಳವನ್ನು ಸ್ವಲ್ಪ ಹೊತ್ತು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು, ನಿಧಾನಕ್ಕೆ ಹೊಲಿದರಂತೆ. ನರ್ಸ್ ಹೊರಗೆ ಬಂದು ಇನ್ನೆರಡು ಬಾಟಲಿ ರಕ್ತ ಬೇಕೆಂದಳು. ನಾನು ಅಂಗಿಯ ತೋಳು ಮಡಚಿ ಎದ್ದೆ. ಅವ್ವ ಕೈ ಅಡ್ಡ ಇಟ್ಟಳು. “ಕುಡಕನ ರಕ್ತ ನನ್ನ ಮಗಳಿಗೆ ಬ್ಯಾಡ” ಅಂದಳು, ಮೆಲ್ಲಗೆ. ಕಪಾಳಕ್ಕೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಭಾವ ಹೋಗಿ ಕೊಟ್ಟರು.

ಊರಲ್ಲೂ ನನ್ನ ಕೀರ್ತಿ ಹಬ್ಬಿದೆ. ಊರಿನ ಹಿರಿಯ ಕುಡುಕ ಅಂದಾನೆಪ್ಪ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಸರಿದು ಜಾಗ ಮಾಡಿ, “ಬಾರಪಾ, ಇಷ್ಟ ದಿನಾ ಒಬ್ಬನ ಇದ್ದೆ” ಅಂದ. ನಾನು ಕೂತೆ. ಬೇರೆ ಎಲ್ಲಿ ಕೂಡಲಿ?

ಆದ್ದರಿಂದ ಕೊರಳಿನ ಲಿಂಗ ಮುಟ್ಟಿ ಪ್ರತಿಜ್ಞೆ ಮಾಡುತ್ತೇನೆ: ಇನ್ನು ಒಂದು ಹನಿಯನ್ನೂ ಮುಟ್ಟೆ. ಈ ವ್ರತ ನನಗೆ ಕಿಂಚಿತ್ತೂ ಕಷ್ಟವಾಗದು.

ಅಪ್ಪ ಅವ್ವನಿಗೆ ನಮಸ್ಕಾರ. ಬೇಗ ಎದ್ದು ಬಂದು ಕಿವಿ ಹಿಂಡು.

ನಿನ್ನ ಕುಲಗೇಡಿ ತಮ್ಮ,
ಕಿರಣ

ತಾ.ಕ.: ಇದನ್ನು ಅವ್ವನಿಗೆ ಓದಿ ಹೇಳಬೇಡ. ಇಲ್ಲ, ಹೇಳು. ನಾನು ಈವರೆಗೆ ಬಾಟಲಿಯ ಮುಚ್ಚಳವನ್ನೂ ತೆಗೆದವನಲ್ಲ, ಅಕ್ಕಾ. ತಪಾಸಣೆಯ ದಿನ, ಎಲ್ಲಿಂದ ಎಲ್ಲಿಗೆ ಕೊಯ್ಯುತ್ತೇವೆಂದು ಡಾಕ್ಟರು ನನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ನನಗೆ ಹೆದರಿಕೆಯಾಯಿತು.